ಒಳಚಿಲಕ

ಕೋದಂಡರಾಮಪ್ಪನ ರೇಷ್ಮೆ ಷೆಡ್ಡಿಗೆ ಇದ್ದದ್ದು ಒಂದೇ ಬಾಗಿಲು. ಅದರ ಚಿಲಕ ಹೊರಗಡೆ ಇತ್ತು.

ಬೆಳಗ್ಗೆ ಗೂಡು ಕುದಿನೀರಿಗೆ ಬಿದ್ದೊಡನೆ ಮೇಸ್ತ್ರಿ ನರಸಿಂಹಪ್ಪ ಆ ಚಿಲಕವನ್ನು ಎಳೆಯುತ್ತಿದ್ದ. ಅಂದಿನ ಗೂಡೆಲ್ಲ ನೂಲಾಗುವ ತನಕ ತೆಗೆಯುತ್ತಿರಲಿಲ್ಲ. ತೆಗೆದ ಮೇಲೂ ಹೆಂಗಸರು ಸುಮ್ಮನೆ ಹೊರಬೀಳುವಂತಿರಲಿಲ್ಲ. ಒಬ್ಬೊಬ್ಬಳೂ ಹೊಸ್ತಿಲ ಮೇಲೆ ನಿಂತು, ಮೇಸ್ತ್ರಿಯ ಕಣ್ಣೆದುರು ಸೆರಗು ಕೊಡವಬೇಕು, ಸೊಂಟದ ಗಂಟು ಬಿಚ್ಚಬೇಕು, ತುರುಬು ಕೆದರಿ ತೋರಿಸಬೇಕು. ಒಂದೆಳೆ ರೇಷ್ಮೆಯೂ ಆಚೆ ಹೋಗಬಾರದು. ಹೆಂಗಸಿನ ಮಾನ ಹೋದರೆ ಹೋಗಲಿ.

ಮುಳಬಾಗಿಲಿನಿಂದ ದೇವರಾಯಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಈ ಷೆಡ್ಡು. ಊರಿನವರು ಇದನ್ನು ಹುಚ್ಚೀರ ಷೆಡ್ಡು ಎನ್ನುತ್ತಿದ್ದರು. ಅಲ್ಲಿ ನೂಲು ಬಿಚ್ಚುತ್ತಿದ್ದ ಮೂವರೂ ಮನೆಯವರು ಕೈಬಿಟ್ಟ ಹೆಂಗಸರು. ಮೂವರೂ ಊರ ಹೊರಗಿನ ಕೇರಿಯವರು. ಮುದುಕಿ ಚಿಕ್ಕಗಂಗಮ್ಮ ಸತ್ತುಹೋದ ಅತ್ತೆಯ ಜೊತೆ ಹಗಲಿಡೀ ಜಗಳವಾಡುತ್ತಿದ್ದಳು. ಇಪ್ಪತ್ತರ ಮುತ್ಯಾಲಮ್ಮ ಗಂಡನ ಮನೆಯಿಂದ ಹಿಂದಿರುಗಿದ ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಮೂರನೆಯವಳು ಮುನಿಗಂಗಮ್ಮ. ಅವಳಿಗೆ ಒಂದು ಮಗುವಿನ ಅಳು ಕೇಳಿಸುತ್ತಿತ್ತು.

"ಯಾರಿಗೂ ಬೇಡವಾದವರಿಗೆ ಎರಡು ಹೊತ್ತು ಮುದ್ದೆ ಹಾಕಿ, ಮಲಗೋಕೆ ಹಿತ್ತಿಲಲ್ಲಿ ಜಾಗ ಕೊಟ್ಟವ್ನೆ. ಧರ್ಮಾತ್ಮ" ಎಂದು ಊರು ಕೋದಂಡರಾಮಪ್ಪನನ್ನು ಹೊಗಳುತ್ತಿತ್ತು. ಮುದ್ದೆ ನೋಡಿದವರು ಕುದಿನೀರು ನೋಡಲಿಲ್ಲ.

ಆ ಕುದಿನೀರಿನಲ್ಲಿ ಮುನಿಗಂಗಮ್ಮನ ಕೈಗಳು ದಿನವೂ ಬೇಯುತ್ತಿದ್ದವು. ಬಾಣಲೆಯಲ್ಲಿ ಗೂಡುಗಳು ತೇಲುತ್ತವೆ. ಕೈಯದ್ದಿ, ಒಂದೊಂದು ಗೂಡಿನ ಎಳೆಯ ತುದಿಯನ್ನೂ ಬೆರಳಿನಿಂದಲೇ ಹುಡುಕಿ, ಎಂಟು ಹತ್ತು ಎಳೆಗಳನ್ನು ಕೂಡಿಸಿ, ತಿರುಗುವ ಚರಕಕ್ಕೆ ಕೊಡಬೇಕು. ಎಳೆ ಕಡಿದರೆ ಮತ್ತೆ ಕೈಯದ್ದಬೇಕು. ಚರ್ಮ ಮೊದಲು ಬೆಳ್ಳಗಾಗುತ್ತದೆ, ಆಮೇಲೆ ಬಿರಿಯುತ್ತದೆ, ಆಮೇಲೆ ಸುಲಿಯುತ್ತದೆ. ಸತ್ತ ಹುಳದ ನಾತ ಕೂದಲಿಗೂ ಅನ್ನಕ್ಕೂ ಹತ್ತುತ್ತದೆ. ಎದ್ದು ನಿಂತರೆ ಸೊಂಟ ನೆಟ್ಟಗಾಗುವುದಿಲ್ಲ. ಕೈ ಖಾಲಿ ಇದ್ದಾಗಲೂ ಬೆರಳುಗಳು ಸುಮ್ಮನಿರುವುದಿಲ್ಲ. ಗಾಳಿಯಲ್ಲೇ ಎಳೆ ಹುಡುಕುತ್ತವೆ, ಹೊಸೆಯುತ್ತವೆ, ಕೂಡಿಸುತ್ತವೆ.

ಅವಳು ಹುಟ್ಟಿದಂದಿನಿಂದ ಹುಚ್ಚಿಯಲ್ಲ. ನಾಲ್ಕು ವರ್ಷದ ಹಿಂದೆ ಇದೇ ಬಾಣಲೆಯ ಮುಂದೆ ದಿನಗೂಲಿಗೆ ಕುಳಿತಿದ್ದವಳು. ಅಂದು ಮೂರು ವರ್ಷದ ಮಗಳಿಗೆ ಜ್ವರವಿತ್ತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬೇತಮಂಗಲದ ಕಡೆ ಹೋಗಿದ್ದ, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಮಗುವನ್ನು ಷೆಡ್ಡಿನ ಹೊರಗೆ, ಬೇವಿನ ಮರದ ಕೆಳಗೆ ಗೋಣಿತಾಟಿನ ಮೇಲೆ ಮಲಗಿಸಿ ಒಳಗೆ ಬಂದಳು. ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ಮಗು ಅಳತೊಡಗಿತು. ಮುನಿಗಂಗಮ್ಮ ಬಾಗಿಲು ಬಡಿದಳು. "ಗೂಡು ಬಾಣಲೇಲವೆ, ಬಿಡೋ ಹಂಗಿಲ್ಲ" ಎಂದ ನರಸಿಂಹಪ್ಪ. ಅವಳು ಕೂಗಿದಳು, ಗೋಗರೆದಳು. "ಬಾಗ್ಲು ತೆಗೀಬೇಡ ಕಣೋ, ಒಬ್ಬಳಿಗೆ ತೆಗೆದ್ರೆ ನಾಳೆ ಎಲ್ರೂ ಬಡೀತಾರೆ" ಎಂದ ಕೋದಂಡರಾಮಪ್ಪನ ದನಿ ಕಿಟಕಿಯಿಂದ ಕೇಳಿತು. ಮಧ್ಯಾಹ್ನದ ಹೊತ್ತಿಗೆ ಅಳು ನಿಂತಿತು. ಸಂಜೆ ಬಾಗಿಲು ತೆರೆಯಿತು. ಮಗುವಿನ ಮೈ ತಣ್ಣಗಿತ್ತು.

ಮರುದಿನದಿಂದ ಆ ಅಳು ಮತ್ತೆ ಶುರುವಾಯಿತು. ಅವಳಿಗೆ ಮಾತ್ರ ಕೇಳುವಂತೆ.

ಗಾಳಿ ಸೋಕಿದೆ ಎಂದರು. ಬೇವಿನ ಬರಲಿನಿಂದ ಹೊಡೆಸಿದರು. ಮೆಣಸಿನಕಾಯಿ ಹೊಗೆ ಹಾಕಿದರು. ಯಾರು ಅಳುತ್ತಿದ್ದಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಸತ್ತ ಮಗುವಿನ ಹೆಸರನ್ನು ಯಾರೂ ಎತ್ತಲಿಲ್ಲ. ಕಡೆಗೆ ಅಣ್ಣನಾದವನು ಅವಳನ್ನು ತಂದು ಬಿಟ್ಟದ್ದು ಈ ಷೆಡ್ಡಿಗೇ. ಕೋದಂಡರಾಮಪ್ಪ ಬೇಡವೆನ್ನಲಿಲ್ಲ. ಹುಚ್ಚಿ ಬಾಗಿಲು ಬಡಿಯುವುದಿಲ್ಲ.

ಸಾವಿರದ ಒಂಬೈನೂರ ಎಂಬತ್ತನಾಲ್ಕನೆಯ ಇಸವಿಯ ಆಷಾಢದಲ್ಲಿ, ಒಂದು ಗುರುವಾರ, ಹಗಲು ಹೊತ್ತಿನಲ್ಲಿ ಮೊದಲ ಬಾರಿಗೆ ಆ ಬಾಗಿಲು ತೆರೆದಿತ್ತು. ನೋಡಲು ಜನ ಬರುವವರಿದ್ದರು. ನೆಲಕ್ಕೆ ಸಗಣಿ ಸಾರಿಸಿದ್ದರು. ಮೂವರಿಗೂ ಹೊಸ ಸೀರೆ ಉಡಿಸಿದ್ದರು.

ಬಂದವರು ಇಬ್ಬರು. ಒಬ್ಬರು ನಾರಾಯಣರಾಯರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಮನೋರೋಗಿಗಳಿಗಾಗಿ ಹೊಸದಾಗಿ ಆದ ಸೇವಾ ಸಮಿತಿಯ ಕಾರ್ಯದರ್ಶಿ. ಇನ್ನೊಬ್ಬರು ಅಂಬಾಬಾಯಿ. ಮುಳಬಾಗಿಲಿನ ಹಳೆಯ ಪುರೋಹಿತರ ಮನೆಯ ಹುಡುಗಿ. ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಿ ಬಂದವಳು. ಡಾಕ್ಟರಲ್ಲದಿದ್ದರೂ ಎಲ್ಲರೂ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಮದ್ದು ಮಾತ್ರೆಯಿಂದ ಮಾತ್ರ ಹೋಗದ ಕಾಯಿಲೆಗಳಿಗೆ ತಾಲ್ಲೂಕಿನಲ್ಲಿ ಎಂಥ ಏರ್ಪಾಡು ಆಗಬೇಕು ಎಂಬ ಯೋಜನೆಯನ್ನು ಮೂರು ತಿಂಗಳು ಕುಳಿತು ಬರೆದವಳು ಅವಳೇ. ಕೆಟ್ಟವಳಲ್ಲ. ಆದರೆ ಅನ್ಯಾಯ ಮಾಡಲು ಕೆಟ್ಟವರೇ ಆಗಬೇಕೆಂದಿಲ್ಲ.

ಕೋದಂಡರಾಮಪ್ಪ ಕುರ್ಚಿ ಹಾಕಿಸಿದ. ಅವನೂ ಸಮಿತಿಯ ಸದಸ್ಯ.

"ಓದಿ ರಾಯರೇ. ಇವರ ಕಿವಿಗೂ ಬೀಳಲಿ" ಎಂದ.

ರಾಯರು ಕನ್ನಡಕ ಏರಿಸಿ ಓದಿದರು. "ಒಂದನೆಯ ವಿಭಾಗ, ಮಾತಿನ ಚಿಕಿತ್ಸೆ. ಸ್ಥಳ, ಊರೊಳಗಿನ ಛತ್ರದ ಮುಂದಿನ ಕೋಣೆ. ತಮ್ಮ ಮನಸ್ಸಿನ ಕಷ್ಟವನ್ನು ವಿವರಿಸಿ ಹೇಳಬಲ್ಲ ರೋಗಿಗಳಿಗೆ. ಇಂದು ಮಧ್ಯಾಹ್ನದಿಂದಲೇ ಪ್ರಾರಂಭ. ಎರಡನೆಯ ವಿಭಾಗ, ದುಡಿಮೆಯ ಚಿಕಿತ್ಸೆ. ಸ್ಥಳ, ಶ್ರೀ ಕೋದಂಡರಾಮಪ್ಪನವರ ರೇಷ್ಮೆ ಷೆಡ್ಡು. ವಿವರಿಸಿ ಹೇಳಲಾರದ, ಕಾಯಿಲೆ ತೊಡಕಾಗಿರುವ ರೋಗಿಗಳಿಗೆ. ಇವರ ಪೋಷಕರು ಶ್ರೀ ಕೋದಂಡರಾಮಪ್ಪನವರು. ಪೋಷಕರ ಸಹಿ ಇಲ್ಲದೆ ರೋಗಿಯನ್ನು ಇಲ್ಲಿಂದ ಕರೆದೊಯ್ಯತಕ್ಕದ್ದಲ್ಲ."

ಮುನಿಗಂಗಮ್ಮನ ಕೈ ಬಾಣಲೆಯಲ್ಲಿತ್ತು. ಕಿವಿ ರಾಯರ ಕಡೆಗಿತ್ತು. ಕಡೆಯ ಮಾತು ಅವಳಿಗೆ ಚೆನ್ನಾಗಿ ಅರ್ಥವಾಯಿತು. ಇಷ್ಟು ದಿನ ಚಿಲಕ ಕಬ್ಬಿಣದ್ದಾಗಿತ್ತು. ಇನ್ನು ಮೇಲೆ ಅದು ಕಾಗದದ್ದೂ ಆಗುತ್ತದೆ. ಸಾಯುವವರೆಗೆ.

ಅಂಬಾಬಾಯಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಪುಸ್ತಕ ತೆರೆದಳು. "ನಿಮ್ಮ ಹೆಸರೇನಮ್ಮ?"

"ಮುನಿಗಂಗಮ್ಮ ಅಂತ" ಎಂದ ಕೋದಂಡರಾಮಪ್ಪ.

"ರಾತ್ರಿ ನಿದ್ದೆ ಬರುತ್ತಾ?"

"ಅಯ್ಯೋ, ಕಲ್ಲು ಬಿದ್ದಂಗೆ ಮಲಗ್ತಾಳೆ."

ನಾಲ್ಕು ವರ್ಷದಲ್ಲಿ ಮುನಿಗಂಗಮ್ಮ ಒಂದು ರಾತ್ರಿಯೂ ಕಲ್ಲಿನಂತೆ ಮಲಗಿರಲಿಲ್ಲ.

"ಯಾವುದಾದರೂ ಧ್ವನಿ ಕೇಳಿಸುತ್ತಾ?"

ಕೋದಂಡರಾಮಪ್ಪ ನರಸಿಂಹಪ್ಪನ ಮುಖ ನೋಡಿದ. "ಗಾಳಿ ಸೋಕಿದೋಳಿಗೆ ಏನೇನೋ ಕೇಳಿಸ್ತದೆ ಡಾಕ್ಟ್ರಮ್ಮ. ಅದನ್ನೆಲ್ಲ ಕೆದಕಬಾರ್ದು. ಕೆಲ್ಸಕ್ಕೆ ಹಾಕಿದ್ರೆ ಮರೀತಾರೆ. ನೀವೇ ಬರೆದಿದ್ದೀರಲ್ಲ?"

ಅವಳೇ ಬರೆದಿದ್ದಳು. ಅವಳು ತಲೆ ತಗ್ಗಿಸಿ ಮುಂದಿನ ಸಾಲಿಗೆ ಹೋದಳು. ಮೂವರನ್ನೂ ಕೈ ಒರೆಸಿಕೊಂಡು ಸಾಲಾಗಿ ನಿಲ್ಲಲು ಹೇಳಿದಳು. ನಿಂತರು. ಹೊಸ ಸೀರೆಯ ಮುಂದೆ ಆರು ಸುಲಿದ ಕೈಗಳು ಇಳಿಬಿದ್ದವು. ಆ ಕೈಗಳ ಬೆರಳುಗಳೆಲ್ಲ ಒಂದೇ ಬಗೆಯಲ್ಲಿ ಆಡುತ್ತಿದ್ದವು. ಹಿಡಿಯುವುದು, ಹೊಸೆಯುವುದು, ಬಿಡುವುದು.

ಅಂಬಾಬಾಯಿ ಬರೆಯುತ್ತ ರಾಯರಿಗೆ ಓದಿ ಹೇಳಿದಳು: "ಮೂವರಲ್ಲೂ ಬೆರಳುಗಳ ಅರ್ಥವಿಲ್ಲದ ಚಲನೆ. ಕಾಯಿಲೆ ಬಲಿತಿರುವುದರ ಲಕ್ಷಣ."

"ಪಾಪ" ಎಂದರು ರಾಯರು.

ಆಗ ಮುನಿಗಂಗಮ್ಮ ನಕ್ಕಳು.

ನಾಲ್ಕು ವರ್ಷದಿಂದ ಆ ಷೆಡ್ಡಿನಲ್ಲಿ ಯಾರೂ ಆ ನಗು ಕೇಳಿರಲಿಲ್ಲ. ಚಿಕ್ಕಗಂಗಮ್ಮ ಅತ್ತೆಯನ್ನು ಬೈಯುವುದನ್ನು ನಿಲ್ಲಿಸಿದಳು.

"ಡಾಕ್ಟ್ರಮ್ಮ," ಎಂದಳು ಮುನಿಗಂಗಮ್ಮ, "ಮೇಸ್ತ್ರಿ ಕೈ ನೋಡು."

ಎಲ್ಲರೂ ತಿರುಗಿದರು. ಬಾಗಿಲಿಗೆ ಒರಗಿ ನಿಂತಿದ್ದ ನರಸಿಂಹಪ್ಪ ಹತ್ತು ವರ್ಷ ಶ್ರೀನಿವಾಸಪುರದ ಕಡೆ ನೂಲು ಬಿಚ್ಚಿ ಆಮೇಲೆ ಮೇಸ್ತ್ರಿಯಾದವನು. ಅವನ ಬಲಗೈ ಬೆರಳುಗಳೂ ತೊಡೆಯ ಪಕ್ಕದಲ್ಲಿ ತಮ್ಮಷ್ಟಕ್ಕೆ ತಾವೇ ಹಿಡಿಯುತ್ತಿದ್ದವು, ಹೊಸೆಯುತ್ತಿದ್ದವು, ಬಿಡುತ್ತಿದ್ದವು. ಅವನು ಸರಕ್ಕನೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಅವನಿಗೂ ಹುಚ್ಚು ಅಂತ ಬರ್ಕೊ. ಗೂಡು ಬಿಚ್ಚೋರ ಕೈಯೆಲ್ಲ ಹಂಗೇ ಇರ್ತದೆ. ನೀನು ಉಟ್ಟಿದ್ದೀಯಲ್ಲ ರೇಷ್ಮೆ ಸೀರೆ, ಅದು ಈ ಹುಚ್ಚಿಂದಲೇ ಆಗಿರೋದು."

ಬರೆದ ಸಾಲಿನ ಮೇಲೆ ಅಂಬಾಬಾಯಿಯ ಪೆನ್ನು ನಿಂತಿತು.

"ಏಯ್, ನಾಲಿಗೆ ಬಿಗಿಹಿಡಿ!" ಎಂದ ಕೋದಂಡರಾಮಪ್ಪ. ಆಮೇಲೆ ದನಿ ಇಳಿಸಿ ರಾಯರ ಕಡೆ ನಕ್ಕ. "ಹಿಂಗೆ, ಒಂದೊಂದ್ಸಲ ಕೆರಳ್ತಾಳೆ. ಹೆಬ್ಬೆಟ್ಟು ಒತ್ತಿಸ್ಕೊಂಡು ಹೊರಡಿ. ಊಟಕ್ಕೆ ಹೊತ್ತಾಯ್ತು."

ರಾಯರು ಶಾಯಿಯ ಡಬ್ಬಿ ತೆರೆದರು. ಮೊದಲು ಚಿಕ್ಕಗಂಗಮ್ಮನ ಕೈ ಹಿಡಿದರು. ಹಿಡಿದದ್ದು ಕೈಯನ್ನಲ್ಲ, ಮುಟ್ಟದಂತೆ ಸೀರೆಯ ತುದಿಯಿಂದ ಅವಳ ಮಣಿಕಟ್ಟನ್ನು. ಹೆಬ್ಬೆಟ್ಟು ಕಾಗದದ ಮೇಲೆ ಬಿತ್ತು. ಎತ್ತಿದರೆ ಒಂದು ಕಪ್ಪು ಕಲೆ. ಗೆರೆಗಳಿಲ್ಲ.

"ಗಟ್ಟಿಯಾಗಿ ಒತ್ತೇ" ಎಂದರು.

ಮತ್ತೆ ಒತ್ತಿದಳು. ಮತ್ತೆ ಕಲೆ. ಮೂರನೆಯ ಸಲವೂ ಹಾಗೆಯೇ. ಮನುಷ್ಯನಿಗೆ ಹುಟ್ಟಿನಿಂದ ಬಂದ ಗುರುತನ್ನು ಕುದಿನೀರು ತಿಂದುಹಾಕಿತ್ತು.

"ನಡೀತದೆ ಬಿಡಿ, ಯಾರು ನೋಡ್ತಾರೆ" ಎಂದ ಕೋದಂಡರಾಮಪ್ಪ.

ಅಂಬಾಬಾಯಿ ನೋಡುತ್ತಿದ್ದಳು. ಆದರೆ ತಡೆಯಲಿಲ್ಲ. ಅವಳ ಯೋಜನೆ ಕೋಲಾರಕ್ಕೆ ಹೋಗಿ ಮಂಜೂರಾಗಿ ಬಂದಿತ್ತು. ಛತ್ರದ ಕೋಣೆ ಸಿಗುವಂತೆ ಮಾಡಿದವನು ಇದೇ ಕೋದಂಡರಾಮಪ್ಪ. ಒಂದು ಒಳ್ಳೆಯ ಕೆಲಸ ಶುರುವಾಗಲಿ, ತಪ್ಪನ್ನು ಮುಂದೆ ತಿದ್ದಿಕೊಳ್ಳೋಣ ಎಂದು ವಿದ್ಯಾವಂತರು ಯಾವತ್ತೂ ಹೇಳಿಕೊಳ್ಳುವ ಮಾತನ್ನು ಅವಳು ತನಗೆ ತಾನೇ ಹೇಳಿಕೊಂಡಳು.

ಮುತ್ಯಾಲಮ್ಮನ ಕಲೆಯೂ ಬಿತ್ತು. ಮುನಿಗಂಗಮ್ಮನ ಸರದಿ ಬಂತು.

ರಾಯರು ಕೈ ಚಾಚಿದರು. ಮುನಿಗಂಗಮ್ಮ ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡಳು.

"ಒತ್ತಲ್ಲ."

"ಏನಂದೆ?"

"ಒತ್ತಲ್ಲ ಅಂದೆ."

ಕೋದಂಡರಾಮಪ್ಪ ಎದ್ದು ನಿಂತ. "ಲೇ ಮುನಿಗಂಗಿ. ಅನ್ನ ಹಾಕಿದ ಕೈಗೆ ಎದುರಾಡ್ತೀಯಾ? ನಾನಿಲ್ದಿದ್ರೆ ನಾಯಿ ತಿಂದಿರ್ತಿತ್ತು ನಿನ್ನ."

"ನಾಯಿ ಬಾಗಿಲಿಗೆ ಚಿಲಕ ಹಾಕಲ್ಲ."

ಮುನಿಗಂಗಮ್ಮ ಅಂಬಾಬಾಯಿಯ ಕಡೆ ತಿರುಗಿದಳು.

"ಡಾಕ್ಟ್ರಮ್ಮ, ದನಿ ಕೇಳಿಸ್ತದಾ ಅಂತ ಕೇಳ್ದೆ. ನನ್ನ ಕೇಳ್ದೆ, ಅವನು ಹೇಳ್ದ. ಈಗ ನಾನು ಹೇಳ್ತೀನಿ. ಕೇಳಿಸ್ತದೆ. ಮಗು ಅಳ್ತದೆ. ಅದು ನನ್ನ ತಲೆಯೊಳಗಿಂದ ಬಂದಿದ್ದಲ್ಲ. ಆ ಬಾಗಿಲಾಚೆ, ಆ ಬೇವಿನ ಮರದ ಬುಡದಿಂದ ಬಂದಿದ್ದು. ನಾನು ಒಳಗಿದ್ದೆ. ಬಾಗಿಲು ಬಡಿದೆ. ಈ ಮೇಸ್ತ್ರಿ ಹೊರಗಿದ್ದ. ಇವನು ಕಿಟಕೀಲಿ ನಿಂತು ತೆಗೀಬೇಡ ಅಂದ. ನನ್ನ ಕೂಸು ಸತ್ತು ಸುಮ್ಮನಾಯ್ತು. ಕೇಳು, ಅವರನ್ನೇ ಕೇಳು."

ಅಂಬಾಬಾಯಿ ಕೇಳಬೇಕಾಗಿರಲಿಲ್ಲ. ನರಸಿಂಹಪ್ಪ ನೆಲ ನೋಡುತ್ತಿದ್ದ.

"ಹುಚ್ಚಿ ಮಾತು" ಎಂದ ಕೋದಂಡರಾಮಪ್ಪ.

"ತೊಡಕಿನ ಕಾಯಿಲೆಯೋರಿಗೆ ಷೆಡ್ಡು ಅಂತ ಬರ್ದಿದ್ದೀಯ. ತೊಡಕು ಬಿದ್ದ ಗೂಡನ್ನ ನಾವು ಬಿಸಾಕಲ್ಲ. ಕೈ ಸುಟ್ಟರೂ ಕೂತು ತುದಿ ಹುಡುಕ್ತೀವಿ. ನೀನು ಒಂದ್ಸಲನಾದ್ರೂ ಹುಡುಕಿದ್ಯಾ? ದೊಡ್ಡಜಾತಿಯೋರ ದುಃಖಕ್ಕೆ ಮಾತು, ನಮ್ಮ ದುಃಖಕ್ಕೆ ಕುದಿನೀರು. ಇದೇನಾ ನಿನ್ನ ಓದು?"

"ಮುನಿಗಂಗಮ್ಮ, ನಾನು..." ಎಂದಳು ಅಂಬಾಬಾಯಿ.

"ನಂಗೂ ಮಾತೇ ಬೇಕು. ಛತ್ರದಲ್ಲೇ ಬೇಕು. ಚಿಲಕ ಒಳಗಡೆ ಇರ್ಬೇಕು."

"ಛತ್ರದೊಳಕ್ಕೆ ನಿಮ್ಮೋರು ಬರೋ ಪದ್ಧತಿ ಇಲ್ಲವಲ್ಲಮ್ಮ" ಎಂದರು ರಾಯರು, ಮಗುವಿಗೆ ಹೇಳುವಂತೆ ಮೆತ್ತಗೆ.

ಮುನಿಗಂಗಮ್ಮ ತೆರೆದಿದ್ದ ಬಾಗಿಲಿನ ಕಡೆ ನಡೆದಳು. ಬಾಣಲೆಯಲ್ಲಿ ಗೂಡು ಕುದಿಯುತ್ತಲೇ ಇತ್ತು. ಕುದಿಯುವ ಗೂಡನ್ನು ಬಿಟ್ಟು ಆ ಷೆಡ್ಡಿನಿಂದ ಯಾರೂ ಹೊರಗೆ ಹೋದದ್ದಿಲ್ಲ.

"ಸೆರಗು ಕೊಡವೇ!" ಎಂದು ಕೂಗಿದ ಕೋದಂಡರಾಮಪ್ಪ. ಆ ಗಳಿಗೆಯಲ್ಲಿ ಅವನಿಗೆ ಹೊಳೆದದ್ದು ಅದೊಂದೇ ಮಾತು.

ಮುನಿಗಂಗಮ್ಮ ಹೊಸ್ತಿಲ ಮೇಲೆ ನಿಂತಳು. ಹಿಂದೆ ಚಿಕ್ಕಗಂಗಮ್ಮ ಬಂದು ನಿಂತಿದ್ದಳು. ಅವಳ ಹಿಂದೆ ಮುತ್ಯಾಲಮ್ಮ. ಆ ಮಾತುಬಿಟ್ಟ ಹುಡುಗಿಯ ಕೈ ಅಭ್ಯಾಸಬಲದಿಂದ ಸೆರಗಿಗೆ ಹೋಗಿತ್ತು. ಮುನಿಗಂಗಮ್ಮ ಆ ಕೈಯನ್ನು ಹಿಡಿದುಕೊಂಡಳು.

"ಕೊಡವಬೇಡ ಕಣೇ."

ನರಸಿಂಹಪ್ಪ ದಾರಿಗೆ ಅಡ್ಡ ನಿಂತಿದ್ದ. ಮುನಿಗಂಗಮ್ಮ ಅವನ ಕಣ್ಣನ್ನು ನೋಡಿದಳು. ಅವನು ಪಕ್ಕಕ್ಕೆ ಸರಿದ.

ಛತ್ರ ಅಲ್ಲಿಗೆ ಎರಡು ಫರ್ಲಾಂಗು. ಮೂವರು ರಸ್ತೆಯ ನಡುವೆಯೇ ನಡೆದರು. ಹುಳದ ನಾತಕ್ಕೆ ಜನ ಮೂಗು ಮುಚ್ಚಿಕೊಂಡರು. ಹುಚ್ಚೀರು ತಪ್ಪಿಸ್ಕೊಂಡವ್ರೆ ಎಂದು ಯಾರೋ ಕೂಗಿದರು. ಛತ್ರದ ಮೆಟ್ಟಿಲ ಹತ್ತಿರ ಮುನಿಗಂಗಮ್ಮನ ಕಾಲು ತಡೆಯಿತು. ಅವಳ ಚಿಕ್ಕಂದಿನಲ್ಲಿ ಅಪ್ಪ ಆ ಮೆಟ್ಟಿಲ ಕೆಳಗೆ ನಿಂತು, ಎಂಜಲೆಲೆಯ ಬುಟ್ಟಿಗೆ ಕೈಯೊಡ್ಡುತ್ತಿದ್ದ. ಅವನ ಹಿಂದೆ ಅವಳೂ ನಿಂತಿದ್ದಳು. ಅದಕ್ಕಿಂತ ಮೇಲೆ ಅವರ ಪೈಕಿ ಯಾರೂ ಹತ್ತಿರಲಿಲ್ಲ.

ಹತ್ತಿದಳು.

ಕೋಣೆಗೆ ಸುಣ್ಣ ಹೊಡೆದಿದ್ದರು. ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕಿದ್ದರು. ಮೂಲೆಯಲ್ಲಿ ಹೂಜಿ, ಮೇಲೆ ಲೋಟ. ಮಾತನಾಡಿ ಗಂಟಲು ಒಣಗಿದವರಿಗೆ ಎಷ್ಟು ಯೋಚಿಸಿ ನೀರಿಟ್ಟಿದ್ದರು! ಮುನಿಗಂಗಮ್ಮ ಬಾಗಿಲನ್ನು ಮುಚ್ಚಿ ನೋಡಿದಳು. ಚಿಲಕ ಒಳಗಿತ್ತು. ಕೇರಿಯ ಗುಡಿಸಲಿಗೆ ಇದ್ದದ್ದು ತಟ್ಟಿ. ಷೆಡ್ಡಿನ ಚಿಲಕ ಮೇಸ್ತ್ರಿಯ ಕೈಯಲ್ಲಿ. ಮೂವತ್ತೆರಡು ವರ್ಷದ ಬದುಕಿನಲ್ಲಿ ಅವಳು ಚಿಲಕವೊಂದನ್ನು ಮುಟ್ಟಿದ್ದು ಅದೇ ಮೊದಲು. ಸುಲಿದ ಬೆರಳಿಗೆ ಕಬ್ಬಿಣ ತಣ್ಣಗೆ ತಾಗಿತು. ಎಳೆದಳು.

ಐದು ನಿಮಿಷದಲ್ಲಿ ಹೊರಗೆ ಜನ ಸೇರಿದರು.

"ಮೈಲಿಗೆ ಮಾಡ್ಬಿಟ್ರು! ತೆಗೀರೇ ಬಾಗ್ಲು!"

"ಪೊಲೀಸರಿಗೆ ಹೇಳಿ ಕಳಿಸಿ" ಎಂದ ಕೋದಂಡರಾಮಪ್ಪನ ದನಿ. "ನೂಲು ಕದ್ಕೊಂಡು ಬಂದವ್ರೆ ಅನ್ನಿ."

ಬಾಗಿಲು ಅದುರಿತು. ಮುತ್ಯಾಲಮ್ಮ ಗೋಡೆಗೆ ಒತ್ತಿಕೊಂಡಳು. ಚಿಕ್ಕಗಂಗಮ್ಮ ಹೂಜಿಯ ನೀರನ್ನು ಲೋಟಕ್ಕೆ ಬಗ್ಗಿಸಿ, ಲೋಟ ಕಚ್ಚಿ ಕುಡಿದು, "ನೋಡೇ ಅತ್ತೆ, ನೀನು ಸತ್ತರೂ ಕಾಣದ ನೀರು" ಎಂದಳು. ಮುನಿಗಂಗಮ್ಮನಿಗೆ ಅಳು ಕೇಳತೊಡಗಿತು. ಬಾಗಿಲು ಬಡಿಯುವ ಸದ್ದು, ಮಗುವಿನ ಅಳು. ಅಂದೂ ಎರಡು ಸದ್ದುಗಳೇ. ಅಂದು ಬಡಿದವಳು ಅವಳು.

ಹೊರಗಿನ ಗದ್ದಲದ ನಡುವೆ ಒಂದು ಹೆಣ್ಣುದನಿ ಬಾಗಿಲ ಸಂದಿಗೆ ಬಂತು. ಈ ಸಲ ಪುಸ್ತಕದ ಮಾತಿನಲ್ಲಲ್ಲ. ಕೇರಿಯೂ ಅಗ್ರಹಾರವೂ ಸಂತೆಯಲ್ಲಿ ಆಡುವ ತೆಲುಗಿನಲ್ಲಿ.

"ಮುನಿಗಂಗಮ್ಮಾ, ಲೋಪಲಿಕಿ ರಾವಚ್ಚಾ?"

ಒಳಗೆ ಬರಬಹುದೇ ಎಂದು ಅವಳನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಮುನಿಗಂಗಮ್ಮ ಚಿಲಕದ ಮೇಲೆ ಕೈಯಿಟ್ಟಳು.

"ಆ ಕಾಗದ ಏನು ಮಾಡ್ದೆ?" ಎಂದಳು.

ಸಂದಿಯಲ್ಲಿ ಕಾಗದ ಹರಿಯುವ ಸದ್ದು ಕೇಳಿತು. ಒಂದು ಸಲ. ಎರಡು ಸಲ. "ಅಮ್ಮಾ ಅಂಬಾಬಾಯಿ! ಸರ್ಕಾರದ ಕಾಗದ ಕಣಮ್ಮ ಅದು!" ಎಂದು ರಾಯರು ಕೂಗಿಕೊಂಡರು. ಬಾಗಿಲ ಕೆಳಗಿನಿಂದ ಚೂರುಗಳು ಒಳಗೆ ಬಂದವು. ಒಂದು ಚೂರಿನ ಮೇಲೆ ಚಿಕ್ಕಗಂಗಮ್ಮನ ಗೆರೆಯಿಲ್ಲದ ಕಪ್ಪು ಕಲೆಯಿತ್ತು.

ಮುನಿಗಂಗಮ್ಮ ಚಿಲಕ ತೆಗೆದಳು. ಒಬ್ಬಳು ನುಸುಳುವಷ್ಟು ಮಾತ್ರ. ಅಂಬಾಬಾಯಿ ಒಳಗೆ ಬಂದೊಡನೆ ಭುಜ ಕೊಟ್ಟು ಮುಚ್ಚಿ ಮತ್ತೆ ಎಳೆದಳು.

ಅಂಬಾಬಾಯಿಯ ಸೀರೆ ಹೆಗಲ ಹತ್ತಿರ ಹರಿದಿತ್ತು. ಯಾರೋ ಹಿಡಿದು ಎಳೆದಿದ್ದರು. ಅವಳು ಕುರ್ಚಿಯ ಕಡೆ ನೋಡಿ, ಕೂರದೆ ನಿಂತಳು. ಮುನಿಗಂಗಮ್ಮ ಒಂದು ಕುರ್ಚಿಯಲ್ಲಿ ಕುಳಿತಳು. ಬೆನ್ನಿಗೆ ಒರಗು ಸಿಕ್ಕಿತು. ಆಮೇಲೆ ಇನ್ನೊಂದನ್ನು ತೋರಿಸಿದಳು.

"ಕೂತ್ಕೊ."

ಕುಳಿತಳು. ಕೈ ಅಭ್ಯಾಸದಂತೆ ಪೆನ್ನನ್ನು ಹುಡುಕಿತು.

"ಬರೀಬೇಡ. ಕೇಳ್ಕೊ. ಅವರು ಬಾಗಿಲು ಮುರಿಯೋದ್ರೊಳಗೆ ಕೇಳ್ಕೊ. ನಾಳೆ ಪೊಲೀಸರ ಮುಂದೆ ನೀನೂ ಹೇಳ್ಬೇಕಾಗ್ತದೆ. ಹೇಳ್ತೀಯಾ?"

ತನ್ನ ಅಪ್ಪನ ದನಿ ಹೊರಗಿನ ಗುಂಪಿನಲ್ಲಿ ಅಂಬಾಬಾಯಿಗೆ ಕೇಳಿಸುತ್ತಿತ್ತು.

"ಹೇಳ್ತೀನಿ" ಎಂದಳು.

ಬಾಗಿಲ ಮೇಲೆ ದಿಮ್ಮಿಯಂಥದೇನೋ ಬಡಿಯಿತು. ಗೋಡೆಯ ಸುಣ್ಣ ಉದುರಿತು. ಮುನಿಗಂಗಮ್ಮ ತಿರುಗಿ ನೋಡಲಿಲ್ಲ. ಮಡಿಲಿನಲ್ಲಿ ಅವಳ ಬೆರಳುಗಳು ಗಾಳಿಯಲ್ಲಿ ತುದಿ ಹುಡುಕುತ್ತಿದ್ದವು.

"ಅವಳ ಹೆಸರು ಸುಬ್ಬರತ್ನ" ಎಂದಳು. "ಬೆಳಗ್ಗೆ ಎದ್ದಾಗಲೇ ಮೈ ಸುಡ್ತಿತ್ತು."